ಪಾರ್ಕಿಗೆ ದೂರ, ಆಸ್ಪತ್ರೆಗೆ ಹತ್ತಿರ

ಆ ಕರಪತ್ರದಲ್ಲಿ ನೀಲಿ ಜಾರುಬಂಡೆಯ ಮೇಲಿಂದ ನೀರಿಗಿಳಿಯುತ್ತಿದ್ದ ಹೆಂಗಸಿನ ಎರಡೂ ಕಾಲುಗಳಲ್ಲಿ ಕಾಲುಂಗುರಗಳಿದ್ದವು. ಮುದ್ರಣದ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲವಾದ್ದರಿಂದ ಪ್ರತಿ ಉಂಗುರದ ಪಕ್ಕದಲ್ಲೂ ಅದರದೇ ಒಂದು ಕೆಂಪು ನೆರಳಿತ್ತು. ಮದುವೆಯಾದ ಹೆಂಗಸರೂ ಅಲ್ಲಿಗೆ ಹೋಗುತ್ತಾರೆ ಎಂದು ತೋರಿಸಲು ನನಗೆ ಅಷ್ಟು ಸಾಕಾಗಿತ್ತು.

ನಾನು ಆಗಷ್ಟೇ ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿಕೊಂಡು ಬಂದು, ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿ ಸೇರಿದ್ದೆ. ದಿನವೂ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಂಗಳೂರಿನ ಹೊರಗೆ ಹೊಸದಾಗಿ ತೆರೆದಿದ್ದ ನೀರಿನ ಆಟಗಳ ಪಾರ್ಕಿನ ಕರಪತ್ರ ಅದು. ವಿದ್ಯಾರ್ಥಿಗಳ ಪ್ರವಾಸಕ್ಕೆಂದು ಯಾರೋ ತರಿಸಿ ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟಿದ್ದರು. ಪ್ರವಾಸ ನಿಂತುಹೋಯಿತು. ಕರಪತ್ರವನ್ನು ನಾನು ಕೇಳದೆ ಬ್ಯಾಗಿಗೆ ಹಾಕಿಕೊಂಡೆ.

ನೀರಿನಲ್ಲಿ ಆಡುವ ಆಸೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಅಕ್ಕ ಮೂರು ದಿನ ಬೆಂಗಳೂರಿನಲ್ಲಿರಲು ಒಂದು ಕಾರಣ, ಅಷ್ಟೆ.

ಅಕ್ಕನನ್ನು ಹಡಗಲಿಗೆ ಕೊಟ್ಟು ಆರು ವರ್ಷವಾಗಿತ್ತು. ಊರಂಚಿನಲ್ಲಿ ಅವರದು ಮಲ್ಲಿಗೆ ತೋಟ. ನಸುಕಿನಲ್ಲಿ ಮೊಗ್ಗು ಬಿಡಿಸಿ ಮೊದಲ ಬಸ್ಸಿಗೆ ಹಾಕಬೇಕು. ಮೊಗ್ಗು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಅಕ್ಕ ತವರಿಗೆ ಬಂದರೂ ಸಂಜೆಯೊಳಗೆ ಹೊರಟುಬಿಡುತ್ತಿದ್ದಳು. ಮಕ್ಕಳಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ನನಗೆ ಹಡಗಲಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯ ಕೆಲಸ ಬಿತ್ತು. ಕೊಟ್ಟೂರಿಗೆ ಬಂದಿದ್ದ ಅಕ್ಕ ಮತ್ತು ಭಾವನ ಜೊತೆಗೇ ಬಸ್ಸು ಹತ್ತಿದೆ. ಇಟ್ಟಿಗಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಭಾವ ಚಹಾ ಕುಡಿಯಲು ಇಳಿದರು. ಅಕ್ಕ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆಯೇ ಮಾತು ತೆಗೆದಳು.

"ಲೇ, ಅವ್ವಗ ಹೇಳಿದ್ರ ಹೇಳು. ಅಪ್ಪಗ ಹೇಳಬ್ಯಾಡ."

ಕುಪ್ಪಸದೊಳಗಿನಿಂದ ಒಂದು ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಯಾವುದೋ ಮದುವೆಗೆ ಹಗರಿಬೊಮ್ಮನಹಳ್ಳಿಗೆ ಹೋದಾಗ ಊಟದ ಪಂಕ್ತಿ ತಪ್ಪಿಸಿಕೊಂಡು ಅಲ್ಲಿನ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಗರ್ಭಕೋಶದಲ್ಲಿ ಗಡ್ಡೆಯಿದೆ, ತಡಮಾಡದೆ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು ಎಂದು ಚೀಟಿಯಲ್ಲಿತ್ತು. ತಡಮಾಡದೆ ಎಂಬುದರ ಕೆಳಗೆ ಗೆರೆ ಎಳೆದಿತ್ತು. ತಾರೀಖು ನೋಡಿದೆ. ನಾಲ್ಕು ತಿಂಗಳ ಹಿಂದಿನದು.

"ತಿಂಗಳಿನ್ಯಾಗ ಹದಿನೈದು ದಿನ ಹೋಗತೈತಿ," ಎಂದಳು. "ಒಮ್ಮೊಮ್ಮೆ ಇಪ್ಪತ್ತು."

"ನಿಮ್ಮ ಮನ್ಯಾಗ ಗೊತ್ತೈತೇನು?"

"ನಾಕು ದಿನ ಹೊರಗ ಕುಂದರತೀನಿ. ಐದನೇ ದಿನ ತಲಿಮ್ಯಾಲೆ ನೀರು ಹಾಕ್ಕೊಂಡು ಒಳಗ ಹೋಗತೀನಿ. ಉಳದದ್ದು ನನಗೊಬ್ಬಾಕಿಗೇ ಗೊತ್ತು. ಗಡ್ಡಿ ಐತಿ ಅಂತ ತಿಳದ್ರ ಹಲವಾಗಲ ಹುಡುಗಿ ನಾಳಿಗೇ ಬರತಾಳ."

ಹಲವಾಗಲಿನ ಹುಡುಗಿಯೆಂದರೆ ಅಕ್ಕನ ಅತ್ತೆಯ ಅಣ್ಣನ ಮಗಳು. ಮಗನಿಗೆ ಅವಳನ್ನು ಎರಡನೆಯದಾಗಿ ತರುವ ಮಾತನ್ನು ಅತ್ತೆ ಎರಡು ವರ್ಷದಿಂದ ಆಡುತ್ತಿದ್ದರು. ಭಾವ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ಅವರು ಹಾಳೆಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. "ಏನು ಅಕ್ಕ ತಂಗಿ ಗುಟ್ಟು? ನನ್ನ ಮ್ಯಾಲೆ ಚಾಡಿ ಹೇಳಾಕತ್ತಾಳೇನು?"

"ನಿಮ್ಮ ಮ್ಯಾಲೆ ಚಾಡಿ ಹೇಳಾಕ ಹತ್ತು ನಿಮಿಷ ಎಲ್ಲಿ ಸಾಲತೈತ್ರಿ," ಎಂದಳು ಅಕ್ಕ. ಭಾವ ನಕ್ಕು ಮಿರ್ಚಿಯ ಪೊಟ್ಟಣವನ್ನು ಮೊದಲು ಅವಳ ಮುಂದೆಯೇ ಹಿಡಿದರು. ಅವರು ಕೆಟ್ಟವರಾಗಿರಲಿಲ್ಲ. ಅದನ್ನು ಈಗಲೂ ಹೇಳಬೇಕು.

ದಾವಣಗೆರೆಗೆ ಕರೆದುಕೊಂಡು ಹೋಗುವುದು ಸುಲಭವಿತ್ತು. ಆದರೆ ಅಲ್ಲಿ ಅತ್ತೆಯ ಬಳಗ ಬೀದಿಗೊಂದು ಮನೆಯಂತೆ ಹರಡಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಕಂಡರೆ ಸಂಜೆಯ ಬಸ್ಸಿಗೆ ಸುದ್ದಿ ಹಡಗಲಿಗೆ ಹೋಗುತ್ತಿತ್ತು. ಬೆಂಗಳೂರಾದರೆ ಯಾರಿಗೂ ಯಾರ ಗುರುತಿಲ್ಲ. ಅವ್ವನಿಗೆ ಮಾತ್ರ ಹೇಳಿದೆ. ಅವ್ವ ಚೀಟಿಯನ್ನು ಓದಲಾರಳು, ಆದರೂ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಳು. ನಮ್ಮ ಉಪಾಯ ಇಷ್ಟು: ಎಲ್ಲರೂ ಸೇರಿ ಪಾರ್ಕು ನೋಡಲು ಹೋಗುವುದು, ಮರುದಿನ ಬೆಳಗ್ಗೆ ಅಕ್ಕ ತಲೆನೋವು ಎನ್ನುವುದು, ಅವಳ ಜೊತೆ ಅವ್ವ ಉಳಿದುಕೊಳ್ಳುವುದು, ಉಳಿದವರನ್ನು ನಾನು ಪಾರ್ಕಿಗೆ ಕರೆದೊಯ್ಯುವುದು. ಅವರಿಬ್ಬರೂ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಆಸ್ಪತ್ರೆ ಇರಬೇಕು. ಅವ್ವನಿಗೆ ಬೆಂಗಳೂರಿನ ಬಸ್ಸು ಹತ್ತಲು ಬಾರದು.

ಹಾಗಾಗಿ ಎಲ್ಲವೂ ಇಳಿದುಕೊಳ್ಳುವ ಜಾಗದ ಮೇಲೆ ನಿಂತಿತು. ನಮ್ಮ ಮನೆಗಿನ್ನೂ ಫೋನು ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ನಿಂತು ಆಸ್ಪತ್ರೆಯ ಸರದಿ ಗೊತ್ತುಮಾಡಿದೆ, ಆಮೇಲೆ ಅಲ್ಲಿಂದ ಎಷ್ಟು ದೂರಕ್ಕೆ ಏನೇನಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಪಾರ್ಕಿನವರದೇ ಕಾಟೇಜುಗಳಿದ್ದವು, ಚಿತ್ರದಲ್ಲಿ ಚೆನ್ನಾಗಿಯೂ ಕಾಣುತ್ತಿದ್ದವು. ಆದರೆ ಅವು ಊರಿನಿಂದ ಎರಡು ಗಂಟೆಯ ದಾರಿ. ಅಪ್ಪನ ಚಿಕ್ಕಪ್ಪನ ಮಗನ ಮನೆಯಿತ್ತು, ಅಲ್ಲಿ ತಲೆನೋವು ಎಂದರೆ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಆಸ್ಪತ್ರೆಯ ಬೀದಿಯಲ್ಲೇ ಒಂದು ಲಾಡ್ಜು ಸಿಕ್ಕಿತು. ಎರಡು ಕೋಣೆ ಕೇಳಿಟ್ಟು, ಅವ್ವನನ್ನು ಕರೆದುಕೊಂಡು ಹಡಗಲಿಗೆ ಹೋದೆ. ಬೀಗರನ್ನು ಕರೆಯಲು ಕಾಗದ ಬರೆದರೆ ಆಗದು, ಕುಂಕುಮ ಹಚ್ಚಿ ಬಾಯಲ್ಲಿ ಹೇಳಬೇಕು.

ದಿನವನ್ನು ನಾನು ಆಷಾಢಕ್ಕೆ ಇಟ್ಟಿದ್ದೆ. ಆಗ ಮದುವೆಗಳಿರುವುದಿಲ್ಲ, ಹೂವನ್ನು ಕೇಳುವವರಿರುವುದಿಲ್ಲ. ಅಕ್ಕನ ಅತ್ತೆ ಪಡಸಾಲೆಯಲ್ಲಿ ಬಾಳೆನಾರು ಸೀಳುತ್ತ ಕೂತಿದ್ದರು.

"ಆರು ವರ್ಷದ ಸೊಸಿಗೆ ಎಂಥ ಆಷಾಢ ಬೀಗತೇರ," ಎಂದು ಅವ್ವನನ್ನು ಕೇಳಿದರು. "ಹೊಸ ಮದಲಗಿತ್ತಿ ಏನು?"

"ಆಕಿಗೊಬ್ಬಾಕಿಗೇ ಅಲ್ರಿ. ನೀವೂ ಬರ್ರಿ. ಎಲ್ಲಾರೂ ಕೂಡಿ ಹೋಗಿ ಬರೋಣು."

ಭಾವ ಆಗಲೇ ಕರಪತ್ರ ಕೈಗೆತ್ತಿಕೊಂಡಿದ್ದರು. "ಯವ್ವಾ, ಇಲ್ಲಿ ನೋಡು, ಸಮುದ್ರದಂಗ ತೆರಿ ಬರತಾವಂತ."

"ಬರಲಿ. ನಾನೇನು ಅದರಾಗ ಬೀಳಾಕ ಹೋಗಲೇನು." ಆದರೂ ಅವರು ಕರಪತ್ರವನ್ನು ದೂರ ಹಿಡಿದು ನೋಡಿದರು. "ಇಳಿಯೋದೆಲ್ಲಿ?"

ಲಾಡ್ಜು ಎಂದೆ, ಅದಿರುವ ಬಡಾವಣೆಯನ್ನೂ ಹೇಳಿದೆ.

"ಲಾಡ್ಜಿನ ಹಾಸಿಗಿ ಮ್ಯಾಲೆ ಯಾರ್ಯಾರು ಹೊಳ್ಳ್ಯಾಡಿರತಾರೋ ಏನೋ. ಅಲ್ಲಿ ನೀರು ಮುಟ್ಟಿ ನಾನು ಲಿಂಗಪೂಜಿ ಮಾಡಲೇನು? ಹೋಗ್ರಿ ನೀವು. ನಾನೂ ಬರಂಗಿಲ್ಲ, ಆಕೀನೂ ಬರಂಗಿಲ್ಲ."

ಭಾವ ಕರಪತ್ರದ ಹಿಂದಿದ್ದ ನಕ್ಷೆ ನೋಡುತ್ತಿದ್ದರು. "ಅಲ್ಲವಾ, ಪಾರ್ಕು ಈ ಕಡಿ ಐತಿ. ನೀನು ರೂಮು ಆ ಕಡಿ ಹಿಡದೀಯಲ್ಲ. ಎಂ.ಎ. ಓದಿದ್ರೂ ದಿಕ್ಕು ಗೊತ್ತಾಗಲಿಲ್ಲೇನು?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಗ ನನಗೆ ಹೊಳೆಯಿತು. ಬೂತಿನಿಂದ ವಿಚಾರಿಸುವಾಗ ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಮಠವಿದೆ, ಭಕ್ತರಿಗೆ ವಸತಿಯಿದೆ ಎಂದು ಯಾರೋ ಹೇಳಿದ್ದರು. ಪೂಜೆಗೆ ಬೇರೆ ಕೋಣೆ, ಎರಡು ಹೊತ್ತು ದಾಸೋಹ.

"ಮಠದಾಗ ಇಳಿಯೋಣ್ರಿ," ಎಂದೆ. "ಅದು ಆ ಕಡೀನೇ ಐತಿ."

ಅತ್ತೆ ಬಾಳೆನಾರು ಕೆಳಗಿಟ್ಟರು. "ಅದನ್ನ ಮೊದಲೇ ಹೇಳಬಾರದೇನು? ಮಠ ಅಂದಮ್ಯಾಲೆ ಮಾತು ಮುಗೀತು."

ಹಿಂದಿರುಗುವಾಗ ಅವ್ವ ಬಸ್ಸಿನಲ್ಲಿ ನನ್ನ ಮೊಣಕೈ ಹಿಡಿದುಕೊಂಡೇ ಕೂತಿದ್ದಳು. ನನಗೆ ಹೆಮ್ಮೆಯಾಗಿತ್ತು. ಒಂದೇ ಜಾಗ, ಅತ್ತೆಯ ಆಕ್ಷೇಪ, ಭಾವನ ದಿಕ್ಕಿನ ಪ್ರಶ್ನೆ, ಆಸ್ಪತ್ರೆಯ ದೂರ ಎಲ್ಲಕ್ಕೂ ಉತ್ತರವಾಗಿತ್ತು. ಮಠ ಎಂದ ಮೇಲೂ ಅಕ್ಕ ಬಾಗಿಲಲ್ಲೇ ನಿಂತಿದ್ದ ರೀತಿಯ ಬಗ್ಗೆ ನಾನು ಯೋಚಿಸಲಿಲ್ಲ. ಲಿಂಗ ಕಟ್ಟಿಕೊಂಡ ನಮ್ಮಲ್ಲಿ ಐದು ಸೂತಕಗಳಿಲ್ಲ, ಮುಟ್ಟಿನ ಸೂತಕವಂತೂ ಇಲ್ಲವೇ ಇಲ್ಲ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಪುಸ್ತಕದಲ್ಲಿ ಅದು ಇಲ್ಲ. ಆದರೆ ಅವ್ವ ಆ ನಾಲ್ಕು ದಿನ ಗೋಡೆಯಲ್ಲಿನ ದೇವರ ಮಾಡದ ಕಡೆ ತಿರುಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಐದು ವರ್ಷ ಕಳೆದ ನನಗೆ ಅದು ಮರೆತೇಹೋಗಿತ್ತು.

ಹೊರಡುವ ದಿನ ಮಧ್ಯಾಹ್ನ ಅವರು ಕೊಟ್ಟೂರಿಗೆ ಬರುವುದು, ಸಂಜೆ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತುವುದು ಎಂದಾಗಿತ್ತು. ಹಡಗಲಿಯ ಬಸ್ಸಿನಿಂದ ಅತ್ತೆ ಇಳಿದರು. ಹಿಂದೆಯೇ ಎರಡು ಚೀಲ ಹಿಡಿದು ಭಾವ ಇಳಿದರು. ನಾನು ಬಾಗಿಲನ್ನೇ ನೋಡುತ್ತ ನಿಂತೆ. ಕಂಡಕ್ಟರು ಸೀಟಿ ಊದಿದ.

"ಅಕ್ಕ ಎಲ್ಲಿ?"

"ಆಕಿ ಮುಂಜಾನಿ ಹೊರಗಾಗ್ಯಾಳ," ಎಂದರು ಅತ್ತೆ. "ಮಠದಾಗ ಹೆಂಗ ಇಳೀಲಿ ಅಂತ ಆಕೀನೇ ಅಂದ್ಲು. ಶಾಣ್ಯಾಕಿ. ನಾನು ಹೇಳೋದರಾಗ ಆಕೀನೇ ತಿಳಕೊಂಡ್ಲು. ಇರಲಿ, ತೋಟ ನೋಡಿಕೋತಾಳ."

ಎರಡು ವಾರದ ಹಿಂದಷ್ಟೇ ಅವಳು ನಾಲ್ಕು ದಿನ ಹೊರಗೆ ಕೂತದ್ದು ನನಗೆ ಗೊತ್ತಿತ್ತು. ಮನೆಯಲ್ಲಾದರೆ ಐದನೆಯ ದಿನ ಸುಳ್ಳು ಹೇಳಿ ಒಳಗೆ ಹೋಗುತ್ತಿದ್ದಳು. ಮಠದಲ್ಲಿ, ಗುರುಗಳ ಗದ್ದುಗೆಯ ಎದುರಿಗೆ, ಅದೇ ಸುಳ್ಳನ್ನು ಮೈಮೇಲೆ ಇಟ್ಟುಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ. ನಾನು ಕೇಳಿದ್ದರೆ ಹಡಗಲಿಯಲ್ಲೇ ಹೇಳುತ್ತಿದ್ದಳೇನೋ. ಅಂದು ನಾನು ಅವಳನ್ನು ಕೇಳಿರಲಿಲ್ಲ.

ಮನೆಗೆ ನಡೆಯುವಾಗ ಭಾವ ನನ್ನ ಪಕ್ಕಕ್ಕೆ ಬಂದರು. "ನಿನಗೊಂದು ಮಾತು ಹೇಳಂದಾಳ ನಿಮ್ಮಕ್ಕ. ಲಾಡ್ಜು ಆಗಿದ್ರ ಬರತಿದ್ದೆ ಅಂತ ಹೇಳ್ರಿ ಅಂದ್ಲು. ಏನು ಹುಚ್ಚೋ ಏನೋ, ಆಕಿಗೆ ಲಾಡ್ಜು ನೋಡೋ ಆಸೆ." ಅವರು ನಗುತ್ತಿದ್ದರು. ನಾನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡೆ.

ಅವ್ವ ಹಿತ್ತಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ತಾನು ಹಡಗಲಿಗೆ ಹೋಗುತ್ತೇನೆ, ಬೆಂಗಳೂರು ಬೇಡ ಎಂದಳು. ಅದನ್ನೇ ಪಡಸಾಲೆಗೆ ಬಂದು ಬೇರೆ ಮಾತಿನಲ್ಲಿ ಹೇಳಿದಳು: ಮೈಯಲ್ಲಿ ಸುಖವಿಲ್ಲ, ನೀವೆಲ್ಲ ಹೋಗಿ ಬನ್ನಿ.

"ಮಗಳು ಬರಲಿಲ್ಲ ಅಂತ ತಾಯಿನೂ ಬರಂಗಿಲ್ಲೇನು?" ಎಂದರು ಅತ್ತೆ. ದನಿಯಲ್ಲಿ ತಮಾಷೆಯಿತ್ತು, ಕಣ್ಣಲ್ಲಿರಲಿಲ್ಲ. "ಹಂಗಾದ್ರ ಈ ಪಾರ್ಕು ಯಾರ ಸಲುವಾಗಿ ಇತ್ರಿ ಬೀಗತೇರ?"

ಅಪ್ಪನಿಗೆ ಏನೂ ಗೊತ್ತಿರಲಿಲ್ಲ. "ಏ, ಹಂಗೇನಿಲ್ರಿ," ಎಂದು ಅವನೇ ಅವಸರದಿಂದ ಉತ್ತರ ಕೊಟ್ಟ. ಆಮೇಲೆ ಅವ್ವನನ್ನು ಒಳಗೆ ಕರೆದು, "ಬೀಗರು ಚೀಲ ಹಿಡಕೊಂಡು ಬಾಗಲಿಗೆ ಬಂದಾರ. ಈಗ ಮೈ ನೋವು ಅಂತೀಯಲ್ಲ, ಬುದ್ಧಿ ಐತಿಲ್ಲೋ?" ಎಂದ. ಅವ್ವ ಸೀರೆ ಬದಲಿಸಿದಳು. ಅತ್ತೆಯ ಪ್ರಶ್ನೆ ಇನ್ನೊಮ್ಮೆ ಬಂದರೆ ನಮ್ಮಿಬ್ಬರಲ್ಲಿ ಯಾರಾದರೂ ಒಬ್ಬರು ಬಾಯಿಬಿಡುತ್ತೇವೆ ಎಂದು ಅವ್ವನಿಗೂ ನನಗೂ ಗೊತ್ತಿತ್ತು. ಯಾರಿಗಾಗಿ ಹೊರಟಿದ್ದೆವೋ ಅವಳನ್ನು ಬಿಟ್ಟು, ಅವಳ ಗುಟ್ಟು ಉಳಿಯಲೆಂದೇ, ನಾವು ಐದು ಜನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಭಾವ ಅಪ್ಪನಿಗೆ ನೀರಿನ ತೆರೆಗಳ ವಿಷಯ ಹೇಳುತ್ತಿದ್ದರು.

ಮರುದಿನ ಬೆಳಗ್ಗೆ ಅತ್ತೆ ಪೂಜೆಗೆ ಕೂತಾಗ, ಬಾಚಣಿಗೆ ಕೊಂಡು ಬರುತ್ತೇನೆಂದು ಹೇಳಿ ಮಠದಿಂದ ಹೊರಬಿದ್ದೆ. ಆಸ್ಪತ್ರೆ ನಿಜವಾಗಿಯೂ ಹತ್ತೇ ನಿಮಿಷದ ದಾರಿ. ಕೌಂಟರಿನಲ್ಲಿದ್ದ ಹೆಂಗಸಿಗೆ ಅಕ್ಕನ ಹೆಸರು ಹೇಳಿದೆ. ಪುಸ್ತಕದಲ್ಲಿ ಹುಡುಕಿ, ಪೇಶೆಂಟು ಎಲ್ಲಿ ಎಂದು ಕೇಳಿದಳು. ಬಂದಿಲ್ಲ ಎಂದೆ. ಮುಂದಿನ ತಾರೀಖು ಯಾವುದು ಬರೆಯಲಿ ಎಂದಳು. ಅಕ್ಕನಿಗೆ ತೋಟದಿಂದ ಮತ್ತೆ ಬಿಡುವಾಗುವುದು ಯಾವಾಗ, ಕಾರ್ತೀಕ ಎನ್ನಲೋ, ಬರುವ ಆಷಾಢ ಎನ್ನಲೋ ಯೋಚಿಸುತ್ತಿದ್ದೆ. ಹಿಂದಿನವರು ಮುಂದೆ ಸರಿಯಿರಿ ಎಂದರು. ತಿಳಿಸುತ್ತೇನೆ ಎಂದು ಹೇಳಿ ಸರಿದೆ. ಎದುರಿನ ಅಂಗಡಿಯಲ್ಲಿ ಒಂದು ಬಾಚಣಿಗೆ ಕೊಂಡುಕೊಂಡೆ. ಮಠಕ್ಕೆ ಬಂದು ಅವ್ವನ ತಲೆ ಬಾಚಿ ತುರುಬು ಕಟ್ಟಿದೆ. ಪಾರ್ಕಿಗೆ ಹೋಗುವ ಬಸ್ಸು ಬಂದಾಗ ಮೊದಲು ಹತ್ತಿ, ಅತ್ತೆಗೆ ಕಿಟಕಿಯ ಪಕ್ಕದ ಸೀಟು ಹಿಡಿದೆ.