ನನ್ನ ಹೆಸರಿನ ಸೀಸೆ

ಬಳ್ಳಾರಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ದಿನಾ ರೂಪನಗುಡಿಯಿಂದ ಬಸ್ಸಿಗೆ ಬರುತ್ತಿದ್ದರು. ಫೆರೊಸೀನ್ ತಯಾರಿಸುವ ದಿನ ಪ್ರತಿ ಮೇಜಿಗೂ ಬಂದು, ಫ್ಲಾಸ್ಕಿನ ಬಾಯನ್ನು ಅಂಗೈಯಿಂದ ಮುಚ್ಚಿ ತೋರಿಸಿ, "ಗಾಳಿ ಆಡಬಾರ್ದು ತಂಗಿ," ಎನ್ನುತ್ತಿದ್ದರು. ಡೀಸೆಲ್‌ಗೆ ಚೂರು ಬೆರೆಸಿದರೆ ಹೊಗೆ ತಗ್ಗಿಸುವ ಆ ಕಿತ್ತಳೆ ಹರಳುಗಳನ್ನು ಅವರೂ ಒಮ್ಮೆ ತಯಾರಿಸಿ ಸೀಸೆಯಲ್ಲಿಟ್ಟಿದ್ದರು. ಅದನ್ನು ನಮ್ಮ ಮೂಗಿಗೆ ಹಿಡಿದು, "ಒಳಗ ಕಬ್ಬಿಣ ಐತಿ. ವಾಸನಿ ನೋಡಿದರ ಕರ್ಪೂರದ್ದು," ಎನ್ನುವರು.

ಕಬ್ಬಿಣದ ಲವಣದ ತಿಳಿಹಸಿರು ದ್ರಾವಣ ಚೆಂದ ಕಂಡಿತೆಂದು ನಾನು ಬಿರಡೆ ಎತ್ತಿ ಫೋಟೊ ತೆಗೆಯುತ್ತ ನಿಂತೆ. ಹರಳಾಗಲು ಬೇಕಾದ ಸೈಕ್ಲೊಪೆಂಟಡೈಯೀನ್ ಎಂಬ ದ್ರವ ಬೆರೆಸುವ ಮೊದಲೇ ಅದು ಗಾಳಿ ತಾಗಿ ಕಂದು ಕೆಸರಾಯಿತು. ಮೇಷ್ಟ್ರು ಬರುವಷ್ಟರಲ್ಲಿ ಅಟೆಂಡರರ ಸೀಸೆಯಿಂದ ಒಂದಿಷ್ಟು ಹರಳು ತೆಗೆದು ತೋರಿಸೋಣವೆಂದು ಕಪಾಟಿಗೆ ಕೈ ಹಾಕಿದೆ. ಅವರು ಸೀಸೆಯನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡರು.

"ಇದು ನಾ ಮಾಡಿದ್ದು. ನೀ ಮಾಡಿದ್ದು ಅದು."

ಕೆಸರನ್ನು ಖಾಲಿ ಸೀಸೆಗೆ ತುಂಬಿ, ನನ್ನ ಹೆಸರಿನ ಚೀಟಿ ಅಂಟಿಸಿ, ತಮ್ಮ ಸೀಸೆಯ ಪಕ್ಕದಲ್ಲೇ ಇಟ್ಟರು.

ಅವರು ನಿವೃತ್ತರಾಗಿದ್ದಾರೆ. ಅದೇ ಪ್ರಯೋಗಾಲಯದಲ್ಲಿ ಈಗ ನಾನು ಪಾಠ ಮಾಡುತ್ತೇನೆ. ಕಪಾಟಿನ ಬೀಗದ ಕೈ ನನ್ನ ಬಳಿಯೇ ಇದೆ. ಆ ಚೀಟಿಯನ್ನು ನಾನಿನ್ನೂ ಕಿತ್ತಿಲ್ಲ.