ಕೆರೆಯ ತಳ ಕೇಳಿದ ಶಾಕೀರಾ

ಅಕ್ಕಿಆಲೂರಿನಿಂದ ಒಂದು ಹರದಾರಿ ನಮ್ಮೂರು. ಶಾಕೀರಾ ನಮ್ಮ ಕೆರೆಯಲ್ಲಿ ಮೀನು ಹಿಡಿಯುವ ರಾಜೇಸಾಬನ ಮಗಳು. ಹಾನಗಲ್ಲಿಗೆ ಬಸ್ಸಿನಲ್ಲಿ ಹೋಗಿ ಶಾಲೆ ಕಲಿತು, ಧಾರವಾಡದಲ್ಲಿ ಗಣಿತ ಮುಗಿಸಿ, ಕರಾವಳಿಯ ಒಂದು ಸಮುದ್ರದ ಆಫೀಸಿನಲ್ಲಿ ನೌಕರಿ ಹಿಡಿದಳು. ಅಲ್ಲಿ ಏನು ಕೆಲಸ ಅಂತ ಕೇಳಿದರೆ, "ನೀರಾಗ ಸಪ್ಪಳ ಬಿಡೂದು, ತಳಕ್ಕ ಬಡದು ಹೊಳ್ಳಿ ಬಂದದ್ದು ಕೇಳೂದು, ಕೆಳಗ ರಾಡಿ ಐತೋ ಉಸುಕೋ ಕಲ್ಲೋ ಹೇಳೂದು" ಅನ್ನುತ್ತಿದ್ದಳು.

"ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನವಾ?" ಅಂತ ನಮ್ಮ ಓಣಿಯ ಸಿದ್ದವ್ವ ಬಾಯಿ ಮೇಲೆ ಕೈ ಇಟ್ಟಳು.

ಎಂಬತ್ತೆಂಟನೇ ಇಸವಿ, ದೀಪಾವಳಿ ಮುಗಿದಿತ್ತು. ಶಾಕೀರಾ ಜೀಪಿನಲ್ಲಿ ನಾಲ್ಕು ಕಂಪ್ಯೂಟರ್ ಹೇರಿಕೊಂಡು ಊರಿಗೇ ಬಂದಳು, ಜೊತೆಗೆ ಅವರ ಸಾಹೇಬರು. ಡಿಸೆಂಬರಿನಲ್ಲಿ ಅವರ ಹಡಗು ಸಮುದ್ರಕ್ಕೆ ಹೋಗುವುದಿತ್ತು. ಆರು ವರ್ಷದ ನೌಕರಿಯಲ್ಲಿ ಅಕಿ ಒಮ್ಮೆಯೂ ಹಡಗು ಹತ್ತಿರಲಿಲ್ಲ, ದಂಡೆಯ ಮೇಲೆ ಕುಂತು ಕಾಗದ ತಿದ್ದುವುದಷ್ಟೇ. "ನಿನ್ನ ಲೆಕ್ಕ ಈ ಕೆರೆಯ ತಳ ಸರಿಯಾಗಿ ಹೇಳಿದರೆ ನೀನೂ ಹಡಗಿಗೆ. ಇಲ್ಲದಿದ್ದರೆ ಇಲ್ಲ" ಅಂದಿದ್ದರು ಸಾಹೇಬರು.

ರಾಜೇಸಾಬನ ತೆಪ್ಪದಲ್ಲಿ ಕುಂತು ಸಪ್ಪಳ ಬಿಟ್ಟರು, ಮರಳಿ ಬಂದದ್ದನ್ನು ಟೇಪಿನಲ್ಲಿ ಹಿಡಿದರು. ಕಂಪ್ಯೂಟರುಗಳನ್ನು ಶಾಲೆಯ ಕೋಣೆಯಲ್ಲಿ ಇಟ್ಟಿದ್ದರು. ನಾವು ಹೆಂಗಸರು ಕಿಟಕಿ ಬಿಡಲಿಲ್ಲ.

"ನಾಕ ಯಾಕವಾ, ಒಂದರ ತಲಿ ಸಾಲಂಗಿಲ್ಲೇನು?" ಅಂತ ಸಿದ್ದವ್ವ ಕೇಳಿದಳು.

"ತಳ ಹಿಂಗಿದ್ದೀತು, ಹಂಗಿದ್ದೀತು ಅಂತ ಸಾವಿರಾರು ಊಹೆ ಮಾಡಬೇಕವ್ವಾ. ಹಂಗಿದ್ರ ಸಪ್ಪಳ ಹೆಂಗ ಬರತಿತ್ತು ಅಂತ ಲೆಕ್ಕ ಹಾಕಿ, ನಾವು ಕೇಳಿದ್ದಕ್ಕ ಯಾವುದು ಹೊಂದತೈತಿ ನೋಡಬೇಕು. ಒಂದಕ್ಕ ಹದಿನೈದು ದಿನ ಬೇಕು. ನೀವು ಕಳೆ ತಗಿಯೂವಾಗ ನಾಕು ಮಂದಿ ನಾಕು ಪಟ್ಟಿ ಹಿಡೀತೀರಲ್ಲ, ಹಂಗ ಇವೂ ಪಾಲು ಹಂಚಿಗೊಂಡಾವು."

"ಇವು ನಡುವ ಹರಟಿ ಹೊಡಿಯಂಗಿಲ್ಲ, ಅದಕ್ಕ ಲಗೂನ ಮುಗಿಸ್ತಾವ" ಅಂದಳು ಸಿದ್ದವ್ವ.

ನಾಲ್ಕನೇ ದಿನ ಮುಂಜಾನೆ ಉತ್ತರ ಬಂತು. ಕೆರೆ ತುಂಬ ರಾಡಿ. ಒಂದು ಜಾಗದಲ್ಲಿ ಮಾತ್ರ ಒಂದೂವರೆ ಮೊಳ ರಾಡಿ, ಅದರ ಕೆಳಗೆ ಗಟ್ಟಿ ಪದರ, ಅದರ ಕೆಳಗೆ ಮತ್ತೆ ಮೆತ್ತನೆಯ ಮಣ್ಣು.

ಸಾಹೇಬರು ತಲೆ ಅಲ್ಲಾಡಿಸಿದರು. "ಹೂಳಿನ ನಡುವೆ ಗಟ್ಟಿ ಪದರ ಎಲ್ಲಿಂದ ಬರುತ್ತದೆ? ಲೆಕ್ಕ ತಪ್ಪಿದೆ."

ರಾಜೇಸಾಬನೂ ಅವರ ಕಡೆಯೇ. "ಬೇಟಾ, ಇಷ್ಟು ವರ್ಸ ತೆಪ್ಪದ ಗಳ ಊರೇನಿ, ಅಲ್ಲಿ ಬರೇ ರಾಡಿ. ಸಾಹೇಬ್ರ ಮುಂದ ಹಟ ಬ್ಯಾಡ."

ಶಾಕೀರಾಳ ಮುಖ ಸಣ್ಣದಾಯಿತು. ಆದರೂ ಆ ಜಾಗದ ಲೆಕ್ಕವನ್ನಷ್ಟೇ ಮತ್ತೆ ಹಾಕಿಸಿದಳು, ಈ ಮಷೀನಿನ ಪಾಲು ಆ ಮಷೀನಿಗೆ ಕೊಟ್ಟು. ಸಂಜೆಗೆ ಅದೇ ಉತ್ತರ.

"ನಾ ಇದನ್ನ ತಿದ್ದಂಗಿಲ್ರಿ ಸರ್. ಹಡಗು ತಪ್ಪಿದ್ರ ತಪ್ಪಲಿ" ಅಂದಳು.

ಆಗಷ್ಟೇ ಹೊಲದಿಂದ ಬಂದ ಸಿದ್ದವ್ವ ಕಿಟಕಿಗೆ ಮುಖ ಹಚ್ಚಿದಳು. "ಯಾ ಜಾಗಾನ ಅದು?"

"ಹುಣಸಿಗಿಡದ ಎದುರಿಗೆ."

ಸಿದ್ದವ್ವ ಕಣ್ಣಲ್ಲಿ ನೀರು ಬರುವಂಗ ನಕ್ಕಳು. "ಅಯ್ಯ, ಅದು ನಮ್ಮ ಜೋಳದ ಕಣಾ! ಎಪ್ಪತ್ತೆರಡರ ಬರದಾಗ ಕೆರಿ ಒಣಗಿತ್ತು, ತಳದಾಗ ಜೋಳ ಬಿತ್ತಿದ್ವಿ. ರಾಶಿ ಮಾಡಾಕ ಕರಿಮಣ್ಣು ಬಿರಿತೈತಂತ ಹತ್ತು ಗಾಡಿ ಕೆಂಪು ಗರಸುಮಣ್ಣು ಹೊಡದು, ಎತ್ತಿನ ಕೈಲೆ ತುಳಿಸಿ, ದಮ್ಮಸು ಬಡದು ಗಟ್ಟಿ ಮಾಡಿದ್ವಿ. ರಾಜೇಸಾಬ, ನಿನಗೆಲ್ಲಿ ಗೊತ್ತಿರತೈತಿ? ಮೀನಿಲ್ಲಂತ ದಾವಣಗೆರಿ ಮಿಲ್ಲಿಗೆ ಓಡಿದ್ದಿ!"

ನಾವೂ ಹೌದು ಹೌದಂದೆವು. ಸಾಹೇಬರು ಮಾತ್ರ ನಗಲಿಲ್ಲ. "ನಾಳೆ ಪೈಪು ಇಳಿಸಿ ನೋಡೋಣ" ಅಂದರು.

ಮರುದಿನ ಊರೆಲ್ಲ ದಂಡೆಯ ಮೇಲೆ, ತೆಪ್ಪದಲ್ಲಿ ಸಾಹೇಬರು, ಶಾಕೀರಾ, ರಾಜೇಸಾಬ. ಪೈಪು ಒಂದೂವರೆ ಮೊಳ ಸರ್ರನೆ ಇಳಿದು ನಿಂತಿತು. ಸುತ್ತಿಗೆಯಿಂದ ಬಡಿದರು, ಮತ್ತೆ ಇಳಿಯಿತು. ಎತ್ತಿ ಕೊಡವಿದರೆ ಕರಿ ರಾಡಿ, ಆಮೇಲೆ ಒಂದು ಗೇಣು ಕೆಂಪು ಗರಸು, ಅದಕ್ಕೆ ಅಂಟಿದ ಜೋಳದ ಹೊಟ್ಟು, ಆಮೇಲೆ ಮತ್ತೆ ಕರಿಮಣ್ಣು.

ರಾಜೇಸಾಬ ಆ ಹೊಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ನೀರಿನ ಮೇಲೆ ಅವರ ಮಾತು ನಮಗೆ ಚೊಲೋ ಕೇಳುತ್ತಿತ್ತು. "ಇದರ ಮ್ಯಾಲ ದಿನಾ ಬಲೆ ಹಾಕೇನಿ. ನನಗ ಗೊತ್ತಾಗಲಿಲ್ಲ, ನಿನಗ ಗೊತ್ತಾತು ನೋಡು."

ಸಾಹೇಬರು ಕಿಸೆಯಿಂದ ಹಡಗಿನವರ ಯಾದಿ ತೆಗೆದು ಅಲ್ಲೇ ಹೆಸರು ಬರೆದರು. "ಈಜು ಬರುತ್ತದೇನಮ್ಮಾ?"

"ಮೀನ ಹಿಡಿಯಾವನ ಮಗಳಿಗೆ ಕೇಳೂ ಮಾತೇನ್ರಿ ಇದು?" ಅಂದ ರಾಜೇಸಾಬ, ಮಗಳಿಗೆ ಬಾಯಿ ತೆರೆಯಲಿಕ್ಕೂ ಬಿಡದೆ.

ತೆಪ್ಪ ದಂಡೆ ಮುಟ್ಟುವ ತನಕ ಶಾಕೀರಾ ತಡೆಯಲಿಲ್ಲ. ಮೊಣಕಾಲುದ್ದ ನೀರಿಗೆ ಜಿಗಿದು ಕೂಗುತ್ತ ಬಂದಳು. "ಸಿದ್ದವ್ವಾ, ನಾ ಹಡಗಿಗೆ ಹೊಂಟೇನಿ!"

"ಹೋಗೀಯಂತ ತಾಯಿ," ಅಂದಳು ಸಿದ್ದವ್ವ, "ಮೊದಲ ಸೀರಿ ಹಿಂಡ್ಕೋ."