ನಾನಲ್ಲ, ಅವನು

ನನ್ನ ಕೈಯಿಂದ ಆದ ಚಿತ್ರಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಜಿರಲೆ, ತಿಗಣೆ, ಇಲಿ ಸಾಯಿಸುವ ವ್ಯಾಪಾರದ ಒಂದು ಲೋಗೋ. ಹೀಗೆಂದರೆ ಎದುರಿಗಿದ್ದವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗಬೇಕು? ನನಗೆ ಮಾತ್ರ ಅದನ್ನು ನೆನೆದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಮನೆಯ ಮುಂದಿನ ಕೋಣೆ ಹಿಡಿದು ನಾನು ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೆ. ಲಗ್ನಪತ್ರಿಕೆ, ಬೇಕರಿ ಡಬ್ಬಿ, ಅಂಗಡಿಗಳ ಬಿಲ್ ಪುಸ್ತಕ. 'ಚಿತ್ರಕಲೆ ಓದಿ ಬೇಕರಿ ಡಬ್ಬಿ ಮಾಡ್ತೀಯಲ್ಲೇ' ಎಂದವರಿಗೆಲ್ಲ ಬಾಯಿ ಮುಚ್ಚಿಸುವ ಹಾಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಹರಿತವಾಗಿತ್ತು. ಅಕ್ಕನನ್ನು ಹರಿಹರಕ್ಕೆ ಕೊಟ್ಟಿದ್ದರು, ಹೊಳೆಯ ಸಮೀಪದ ಹಳೇ ಮನೆಗೆ. ಭಾವ ಬಹಳ ವರ್ಷ ಯಾರದೋ ಕೈಕೆಳಗೆ ಅಕ್ಕಿ ಗಿರಣಿಗಳ ಗೋದಾಮಿಗೆ ಔಷಧಿ ಹೊಡೆಯುತ್ತಿದ್ದವರು, ಆಗ ತಾನೇ ಸ್ವಂತ ಶುರು ಮಾಡಿದ್ದರು. ಅಕ್ಕ ಬಸುರಿ. ಹಿಂದೆ ಕಟ್ಟಿದ ಬಸುರು ಒಂದೂ ನಿಂತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಆಗ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು, ಬಾಗಿಲು ಕೂಡ ಸದ್ದಾಗದಂತೆ ಹಾಕುತ್ತಿದ್ದರು.

ಭಾವ ಒಂದು ದಿನ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು.

"ಏನವ್ವಾ ಕಲಾವಿದೆ, ನಮ್ಗೂ ಒಂದು ಲೋಗೋ ಮಾಡಿಕೊಡು. ನೋಡಿದ್ ಕೂಡ್ಲೆ ಹುಳ ಓಡಿಹೋಗ್ಬೇಕು."

"ಹುಳಕ್ಕೆ ಓದೋಕೆ ಬರಲ್ಲ ಭಾವ. ಮನುಷ್ಯರು ಓಡಿಬರೋ ಹಂಗೆ ಮಾಡ್ತೀನಿ, ಕೂಡ್ರಿ" ಎಂದೆ.

ಅಂಗಾತ ಬಿದ್ದ ಜಿರಲೆ ಒಂದು, ಅಡ್ಡಗೆರೆ ಎಳೆದ ಇಲಿ ಒಂದು, ಎರಡು ನಮೂನೆ ಬರೆದುಕೊಟ್ಟೆ. ಒಂದೇ ಬಣ್ಣ, ದಪ್ಪ ಗೆರೆ. ಎರಡು ಬಣ್ಣವಾದರೆ ಎರಡು ಸ್ಕ್ರೀನು, ಒಂದು ಕೂದಲೆಳೆ ಸರಿದರೂ ಚಿತ್ರ ಕೆಟ್ಟಂತೆ. ಲೋಗೋ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದರೂ ಗುರುತು ಸಿಗಬೇಕು, ಓಡುವ ಸ್ಕೂಟರಿನ ಮೇಲಿದ್ದರೂ ಗುರುತು ಸಿಗಬೇಕು. ನನ್ನ ಜಿರಲೆ ಎರಡಕ್ಕೂ ಸೈ ಅನ್ನಿಸಿಕೊಳ್ಳುವಂತಿತ್ತು. ಭಾವ ಖುಷಿಯಾಗಿ ಮನೆಗೆ ಒಯ್ದರು, ಮರುದಿನ ಸಪ್ಪೆ ಮುಖ ಮಾಡಿಕೊಂಡು ವಾಪಸ್ ತಂದರು.

"ಅಮ್ಮ ಬ್ಯಾಡ ಅಂತಾಳೆ."

"ವ್ಯಾಪಾರ ಮಾಡೋರು ನೀವೋ, ನಿಮ್ಮಮ್ಮನೋ?"

"ನೀನೇ ಬಂದು ಕೇಳು ತಾಯಿ. ನನ್ ಕೈಲಿ ಆಗಲ್ಲ."

ಕೇಳಿಯೇಬಿಡುತ್ತೇನೆ ಎಂದು ಹರಿಹರದ ಬಸ್ಸು ಹತ್ತಿದೆ. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದರು. ಹಣೆ ತುಂಬ ವಿಭೂತಿ, ಗಟ್ಟಿ ದನಿ. ಗೋಡೆಗೊರಗಿ ಅಕ್ಕ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ಬಸುರಿ ಗಂಡ ತೆಂಗಿನಕಾಯಿ ಸೈತ ಒಡಿಬಾರ್ದು. ಹಾವು ಕಂಡ್ರೆ ದಾರಿ ಬಿಡ್ಬೇಕು. ಇವನು ದಿನಾ ಎಷ್ಟು ಜೀವ ತೆಗೀತಾನ ನೀನೇ ಹೇಳು. ಹಿಂದಿನವೆಲ್ಲ ಯಾಕ ನಿಲ್ಲಲಿಲ್ಲ ಅಂತ ಮಾಡೀಯ?"

"ಅತ್ತೀ, ಅದಕ್ಕೂ ಇದಕ್ಕೂ ಏನ್ ಸಂಬಂಧ ರೀ? ಡಾಕ್ಟ್ರು ಹೇಳಿದ್ದೇ ಬೇರೆ."

"ಡಾಕ್ಟ್ರು ಹೇಳಿದ್ದು ಡಾಕ್ಟ್ರಿಗೆ. ಕೆಲಸ ಬಿಡು ಅಂತ ನಾನೂ ಅನ್ನಲ್ಲ, ಹೊಟ್ಟಿಪಾಡು ಐತೆ. ಆದ್ರೆ ನೀ ಸತ್ತದ್ದನ್ನ ಬರಿಬ್ಯಾಡ. ಕೊಲ್ಲೋವನ್ನ ಬರಿ. ಇವನಲ್ಲ, ಬೇರೆ ಒಬ್ಬವನ್ನ. ಕೊಂದದ್ದೆಲ್ಲ ಅವನ ತಲಿಗೆ ಹೋಗ್ಲಿ, ನಮ್ ಮನೆ ಕೂಸಿಗೆ ತಟ್ಟೋದು ಬ್ಯಾಡ."

ನನಗೆ ನಗು ಬಂತು. ಕಿಸಕ್ಕೆಂದು ನಕ್ಕೂಬಿಟ್ಟೆ. ಅಕ್ಕನತ್ತ ತಿರುಗಿದೆ, ಅವಳೂ ನಗುತ್ತಾಳೆಂದು. ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು.

"ಬರೆದುಕೊಡೇ" ಎಂದಳು. "ನಿನ್ ಗಂಟು ಹೋಗೋದೇನೈತೆ?"

ಅಲ್ಲಿಗೆ ನನ್ನ ವಾದ ಮುಗಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಸಿಟ್ಟು ಇಳಿದ ಮೇಲೆ ಚಿತ್ರ ತಾನಾಗಿಯೇ ಮೂಡಿತು. ಮೂಗು ಬಾಯಿ ಮುಚ್ಚಿದ ಮುಖವಾಡ, ಮುಂದಕ್ಕೆ ಚಾಚಿದ, ಗಾಳಿ ಸೋಸುವ ಡಬ್ಬಿ, ಮೇಲೆ ಎರಡು ಗುಂಡನೆಯ ಗಾಜು. ಪೂರ್ತಿ ಕಪ್ಪು. ಗಾಜಿನ ಜಾಗ ಮಾತ್ರ ಖಾಲಿ, ಕಾಗದದ ಬಿಳುಪೇ ಅಲ್ಲಿ ಕಾಣಬೇಕು. ಅಂಗಡಿಗೆ ಬಂದು ಬರೆದು ನೋಡಿದೆ. ಚೆನ್ನಾಗಿತ್ತು, ಆದರೆ ಮೊಳೆಗೆ ತಗುಲಿಹಾಕಿದ ವಸ್ತುವಿನ ಹಾಗಿತ್ತು. ಒಂದೊಂದು ಗಾಜಿನೊಳಗೆ ಒಂದೊಂದು ಚುಕ್ಕೆ ಇಟ್ಟೆ. ಅಷ್ಟೇ, ಒಳಗೆ ಯಾರೋ ಬಂದು ನಿಂತರು. ಕೋಣೆಯ ಯಾವ ಮೂಲೆಗೆ ಹೋದರೂ ನನ್ನನ್ನೇ ನೋಡುತ್ತಿದ್ದ. ನನ್ನ ಕೆಲಸಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡು ಹಾಳೆಯನ್ನು ಬೋರಲು ಹಾಕಿ ಊಟಕ್ಕೆ ಹೋದೆ.

ಅದನ್ನು ನೋಡಿದ ಅತ್ತೆ ಮೆಚ್ಚಿ ತಲೆದೂಗಿದರು. ಆದರೆ ಚುಕ್ಕೆಗಳನ್ನು ಅಳಿಸು ಎಂದರು. ಮೊದಲು ಪಡಸಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕು, ಬಂದ ಗಿರಾಕಿಗೆ ಕಾಣುವಂತೆ. ಕಣ್ಣು ಕೊನೆಗೆ, ಮೂರ್ತಿಗೆ ಇಡುವ ಕ್ರಮದಲ್ಲಿ, ಎದುರಿಗೆ ಕನ್ನಡಿ ಹಿಡಿದು.

"ಮೊದಲ್ನೇ ನೋಟ ಕನ್ನಡಿಗೆ ಬೀಳ್ಬೇಕು. ಮನುಷ್ಯರ ಮ್ಯಾಲೆ ಬಿದ್ರೆ ಅವರನ್ನ ಹಚ್ಚಿಕೊಂಡುಬಿಡ್ತೈತೆ."

"ಗಣಪತಿಗೆ ಮಾಡೋದನ್ನ ಜಿರಲೆ ಔಷಧಿ ಬೋರ್ಡಿಗೂ ಮಾಡ್ತೀರಲ್ರಿ, ಶಿವನೇ!" ಎಂದು ಹಣೆ ಚಚ್ಚಿಕೊಂಡೆ. ಯಾರು ಕೇಳಬೇಕು?

ಒಂದು ಸೋಮವಾರ ಬೆಳಿಗ್ಗೆ ಅದೂ ಆಯಿತು. ಆಯಿಲ್ ಪೇಂಟಿನಲ್ಲಿ ಮುಖವಾಡ ಬರೆದು ಮುಗಿಸಿದ್ದೆ. ಅತ್ತೆ ದೀಪ ಹಚ್ಚಿ, ಗೋಡೆಯ ಎದುರು ಕನ್ನಡಿ ಹಿಡಿದು ನಿಂತರು. ಭಾವನನ್ನು ಅಂಗಳಕ್ಕೆ ಕಳಿಸಿದ್ದರು. ನಾನು ಎಡಗಣ್ಣಿಗೆ ಚುಕ್ಕೆಯಿಟ್ಟೆ. ಬಲಗಣ್ಣಿಗೆ ಕುಂಚ ತಾಗಿಸುತ್ತಿದ್ದಂತೆ ಅಡುಗೆಮನೆಯಿಂದ ಅಕ್ಕ ಚಹಾದ ತಟ್ಟೆ ಹಿಡಿದು ಬಂದಳು. ನನಗೆ ಬಿಸಿ ಆರದ ಹಾಗೆ ಕೊಡಬೇಕೆಂಬ ಅವಸರ ಅವಳದು, ಪಾಪ.

"ಏ, ಒಳಗ ಹೋಗು!" ಎಂದು ಅತ್ತೆ ಅವಳ ಕಡೆ ತಿರುಗಿದರು. ಕೈಯಲ್ಲಿದ್ದ ಕನ್ನಡಿಯೂ ಅವರ ಜೊತೆ ತಿರುಗಿತು. ಕುಂಚ ಅಷ್ಟರಲ್ಲಿ ತಾಗಿಯಾಗಿತ್ತು.

ಗೋಡೆಗೆ ನೇರ ಎದುರು ಅಕ್ಕ ನಿಂತಿದ್ದಳು. ಗೋಡೆಯ ಮೇಲಿನವನು ಅವಳ ಹೊಟ್ಟೆಯನ್ನು ನೋಡುತ್ತಿದ್ದ. ಚುಕ್ಕೆಯಿಟ್ಟವಳು ನಾನೇ, ಎಲ್ಲಿಗೆ ಇಟ್ಟಿದ್ದೇನೆಂದು ನನಗೆ ಗೊತ್ತು, ನೇರಕ್ಕೆ ಇಟ್ಟಿದ್ದೆ. ಆದರೂ ಅವನು ಕೆಳಗೆ ನೋಡುತ್ತಿದ್ದ.

ಅತ್ತೆ ಕನ್ನಡಿಯನ್ನು ಬೋರಲಾಗಿ ನೆಲಕ್ಕಿಟ್ಟರು. ಆಮೇಲೆ ಎಂದರು: "ಆದದ್ದು ಆತು. ಕೂಸು ಹುಟ್ಟಿದ ದಿನಾನೇ ಇವನ ಕಣ್ಣು ತೆಗೆದುಬಿಡ್ಬೇಕು. ಎಲ್ರೂ ನೆನಪಿಟ್ಕೊಳ್ರಿ."

ಅಲ್ಲಿಂದ ಭಾವ ಅಂಗಿಯ ಜೇಬಿನ ಮೇಲೆ ಆ ಮುಖವಾಡ ಅಚ್ಚು ಹಾಕಿಸಿಕೊಂಡು ಓಡಾಡಿದರು. ಪಂಪು ಒತ್ತುವ ಮೊದಲು ಜೇಬು ಮುಟ್ಟಿ 'ನಾನಲ್ಲ, ಅವನು' ಎನ್ನಬೇಕು. ಅತ್ತೆಯ ಆಣತಿ. ಭಾವ ತಪ್ಪಿಸಲಿಲ್ಲ. ಒಮ್ಮೆ ನನ್ನ ಅಂಗಡಿಗೂ ಔಷಧಿ ಹೊಡೆದರು. ಮೂಲೆಗೆ ಬಗ್ಗಿ, ಹಾಗೆ ಗೊಣಗಿಕೊಂಡು, ಆಮೇಲೆಯೇ ಪಂಪಿಗೆ ಕೈ ಹಾಕಿದ್ದನ್ನು ಕಣ್ಣಾರೆ ನೋಡಿದೆ.

ಲೋಗೋ ಮಾತ್ರ ಭರ್ಜರಿ ಕೆಲಸ ಮಾಡಿತು. ಮನೆ ಮುಂದೆ ಹುಳದ ಔಷಧಿಯವರ ಸ್ಕೂಟರ್ ನಿಂತರೆ ಮಾನ ಹೋಗುತ್ತದೆ ಎನ್ನುತ್ತಿದ್ದ ಅಂಗಡಿ ಸಾಹುಕಾರರು ಈ ಮುಖವಾಡದವನನ್ನು ಕಂಡರೆ ಕಾವಲಿನವನು ಬಂದನೆಂಬಂತೆ ಗೇಟು ತೆಗೆಯುತ್ತಿದ್ದರು. ಮಕ್ಕಳು ಮಾತ್ರ ಒಳಕ್ಕೆ ಓಡುತ್ತಿದ್ದವು.

ಆಮೇಲೆ ದೇವರಾಜ ಅರಸು ಬಡಾವಣೆಯ ಸಂಗತಿ. ಅಲ್ಲಿನ ಒಂದು ಮನೆಗೆ ಔಷಧಿ ಹೊಡೆಯಲು ಹೋಗಬೇಕಿದ್ದ ದಿನವೇ ಅಕ್ಕನಿಗೆ ಹೊಟ್ಟೆನೋವು ಬಂದು ಭಾವ ಆಸ್ಪತ್ರೆಯಲ್ಲಿ ಕೂತಿದ್ದರು, ನಾನೂ ಜೊತೆಗಿದ್ದೆ. ನೋವು ಇಳಿಯಿತು, ದೇವರು ದೊಡ್ಡವನು. ಸಂಜೆ ನನ್ನ ಅಂಗಡಿಯ ಫೋನಿನಿಂದ ಭಾವ ಆ ಮನೆಯವರ ಕ್ಷಮೆ ಕೇಳಲು ಹೊರಟರೆ, ಆ ಕಡೆಯ ಹೆಂಗಸು, "ಯಾಕ್ರಿ, ನಿಮ್ ಮನುಷ್ಯ ಬಂದು ಹೋದ್ನಲ್ರಿ! ಮಾತೇ ಆಡಲ್ಲ ಅವನು. ಮುಖವಾಡನೂ ಬಿಚ್ಚಲಿಲ್ಲ. ಆದ್ರೆ ಕೆಲಸ ಚಲೋ ಮಾಡ್ಯಾನ" ಎಂದರಂತೆ. ಭಾವನ ಕೈಕೆಳಗೆ ಯಾವ ಮನುಷ್ಯನೂ ಇರಲಿಲ್ಲ. ಫೋನು ಇಟ್ಟು ಅವರು ಜೇಬು ಮುಟ್ಟಿಕೊಂಡರು. "ಬೇರೆ ಯಾರೋ ಹೋಗಿರ್ಬೇಕು ಬಿಡು" ಎಂದರು. ನಾನೂ ಹೂಂ ಎಂದೆ.

ಹರಿಹರದ ಮನೆಯೂ ಬದಲಾಗಿತ್ತು. ಹೊಳೆ ಹತ್ತಿರ, ಆದರೆ ಒಂದು ಸೊಳ್ಳೆಯಿಲ್ಲ. ಬೆಲ್ಲದ ಡಬ್ಬಿ ತೆರೆದಿಟ್ಟರೂ ಇರುವೆ ಬರದು. ದೇವರ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದ ಹಲ್ಲಿ ಕಾಣೆಯಾಗಿತ್ತು. ಯಾರಾದರೂ ಒಂದು ಮಾತು ಹೇಳಿದರೆ ಲೊಚ್ ಎಂದು ಸಾಕ್ಷಿ ಹೇಳುವ ಹಲ್ಲಿ, ಅತ್ತೆಗೆ ಅದಿಲ್ಲದೆ ಮಾತೇ ಮುಗಿಯದು. ಅವರು ಏನಾದರೂ ಹೇಳಿ, ಕಿವಿಯಾನಿಸಿ, ಸುಮ್ಮನಾಗುತ್ತಿದ್ದರು. ಆ ಮನೆಯಲ್ಲಿ ಮಧ್ಯಾಹ್ನ ಕೂತರೆ ನನ್ನ ಉಸಿರಿನ ಸದ್ದೇ ನನಗೆ ಕೇಳುತ್ತಿತ್ತು. ನಾನು ಚಿತ್ರದ ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ.

ಕೂಸು ಹುಟ್ಟಿತು. ಹೆಣ್ಣು, ಗುಂಡುಗುಂಡಗೆ. ಅಕ್ಕ ಅತ್ತದ್ದೇ ಅತ್ತದ್ದು. ನಾನೂ ಅತ್ತುಬಿಟ್ಟೆ, ಸಂತೋಷಕ್ಕೆ. ಮನೆಗೆ ಕರೆತಂದ ದಿನ ಅತ್ತೆ ಮಗನಿಗೆ ನೆನಪಿಸಿದರು.

"ಇನ್ನು ಅವನ ಕಣ್ಣು ತೆಗಿ."

ಭಾವ ಒಪ್ಪಲಿಲ್ಲ. "ಎಲ್ಲಾ ಸುಸೂತ್ರ ಆತಲ್ಲಮ್ಮ. ಊರಿಗೆ ಊರೇ ಈ ಮುಖ ನೋಡಿ ಕರಿತೈತೆ, ಅಳಿಸು ಅಂದ್ರೆ ಹೆಂಗೆ? ಅವನಿರ್ಲಿ ಬಿಡು. ಪಾಪ ಹೊರೋಕೆ ಒಬ್ಬ ಬೇಕಲ್ಲ."

ಅಕ್ಕನೂ ಗಂಡನ ಕಡೆಯೇ. ಕೂಸು ಉಳಿದದ್ದು ಅವನಿಂದಲೇ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮಗು ಅಂಬೆಗಾಲಿಡುತ್ತಿದ್ದಂತೆ ಪಡಸಾಲೆಗೆ ಹೋಗತೊಡಗಿತು. ಆ ಗೋಡೆಯ ಬುಡಕ್ಕೆ ಹೋಗಿ ಕೂತು ಮೇಲೆ ನೋಡಿ ಕೇಕೆ ಹಾಕುವುದು. ಭಾವ ಎತ್ತಿಕೊಂಡರೆ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಕಿರುಚುವುದು. "ಔಷಧಿ ವಾಸನಿ" ಎಂದು ಭಾವ ಮೈಯೆಲ್ಲ ಸೋಪು ತಿಕ್ಕಿ ತಿಕ್ಕಿ ಮೀಯುತ್ತಿದ್ದರು, ಹೊಸ ಅಂಗಿ ಹಾಕಿಕೊಂಡು ಬರುತ್ತಿದ್ದರು, ಕೂಸಿನ ಮುಂದೆ ಕುದುರೆಯಾಗುತ್ತಿದ್ದರು. ಊಹೂಂ. ಎಷ್ಟೋ ವರ್ಷ ಕಾದು ಪಡೆದ ಮಗಳು ಅವರ ಕೈಗೆ ಬರಲೊಲ್ಲಳು. ಒಂದು ದಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅವರು ಬಿಕ್ಕುವುದು ನನಗೆ ಕೇಳಿತು.

ಆ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಮಗು ಗೋಡೆ ಹಿಡಿದು ಎದ್ದು ನಿಂತಿತ್ತು. ಅಕ್ಕ, ಅತ್ತೆ, ನಾನು ಚಪ್ಪಾಳೆ ತಟ್ಟುತ್ತಿದ್ದೆವು. ಭಾವ ಆಗ ತಾನೇ ಕೆಲಸ ಮುಗಿಸಿ ಬಂದು ಹೊಸ್ತಿಲಲ್ಲಿ ನಿಂತಿದ್ದರು. ಮಗು ಕೈ ಎತ್ತಿ ಮುಖವಾಡದ ಗಲ್ಲ ಸವರಿತು. ಅಲ್ಲಿಯವರೆಗೆ ಅದು ಒಂದು ಮಾತೂ ಆಡಿರಲಿಲ್ಲ.

"ಅಪ್ಪ" ಎಂದಿತು.

ನಮ್ಮ ಚಪ್ಪಾಳೆ ನಿಂತಿತು. ಮಗು ಇನ್ನೊಮ್ಮೆ ಹೇಳಿತು, ಸ್ಪಷ್ಟವಾಗಿ, ಮೇಲೆ ನೋಡಿಕೊಂಡು. ಗೋಡೆಯ ಮೇಲಿನವನು ಕೆಳಗೆ ನೋಡುತ್ತಿದ್ದ.

ಭಾವ ಮಂಡಿಯೂರಿದರು. "ಅವನಲ್ಲವ್ವಾ" ಎಂದರು. "ಅವನಲ್ಲ, ನಾನು."

ಮಗು ತಿರುಗಲಿಲ್ಲ. ಭಾವ ಎದ್ದು ಅಡುಗೆಮನೆಗೆ ಹೋಗಿ ದೋಸೆ ಮಗುಚುವ ಕಬ್ಬಿಣದ ಕೈ ತಂದರು. ಅಕ್ಕ ಮಗುವನ್ನು ಎಳೆದುಕೊಂಡಳು. ಭಾವ ಗೋಡೆಯ ಕಣ್ಣಿಗೆ ಅದನ್ನು ಆನಿಸಿ ಕೆರೆಯತೊಡಗಿದರು. ಕೆರೆಯುತ್ತಾ ಗಟ್ಟಿಯಾಗಿ ಹೇಳತೊಡಗಿದರು.

"ನಾನು. ಜಿರಲೆ ಕೊಂದದ್ದು ನಾನು. ಗೋದಾಮಿನಾಗೆ ಇಲಿ ಕೊಂದದ್ದು ನಾನು, ಮರಿ ಸಮೇತ. ಗೆದ್ದಲು ಸುಟ್ಟದ್ದು ನಾನು. ಇವನಲ್ಲ. ಇವನು ಏನೂ ಮಾಡಿಲ್ಲ. ಎಲ್ಲಾ ನಾನೇ."

"ಸಾಕ್ರೀ! ಕೂಸಿಗೆ ತಟ್ಟತೈತೆ!" ಎಂದು ಅಕ್ಕ ಚೀರಿದಳು.

"ಹೇಳ್ಲಿ ಬಿಡು" ಎಂದರು ಅತ್ತೆ. "ತನ್ನ ಪಾಪ ತಾನು ಹೊರದಿದ್ರೆ ನನ್ ಮಗ ಅಪ್ಪ ಆಗಾದು ಹೆಂಗೆ?"

ಬಣ್ಣ, ಸುಣ್ಣ, ಗಾರೆ ಉದುರಿ ಎರಡೂ ಕಣ್ಣಿನ ಜಾಗದಲ್ಲಿ ಇಟ್ಟಿಗೆ ಕಂಡಿತು. ಮಗು ಎದೆಬಿರಿಯುವಂತೆ ಅಳುತ್ತಿತ್ತು. ಸತ್ತವರ ಮನೆಯಲ್ಲಿ ದೊಡ್ಡವರು ಅಳುವುದನ್ನು ಕೇಳಿದ್ದೇನೆ, ಎಳೆಕೂಸು ಹಾಗೆ ಅತ್ತದ್ದನ್ನು ಅವತ್ತೇ ಕೇಳಿದ್ದು. ಅತ್ತೂ ಅತ್ತೂ ಸುಸ್ತಾಗಿ ಸುಮ್ಮನಾದಾಗ ಭಾವ ಕೈಚಾಚಿದರು. ಮಗು ಮೈ ಬಾಗಿಸಲಿಲ್ಲ, ಕಿರುಚಲಿಲ್ಲ. ಅವರ ಹೆಗಲಿಗೆ ತಲೆ ಹಾಕಿತು. ದೇವರ ಕೋಣೆಯಿಂದ ಲೊಚ್ ಲೊಚ್ ಎಂದು ಕೇಳಿತು. ಅತ್ತೆ ಬೆರಳಿನಿಂದ ನೆಲ ತಟ್ಟಿ ಶಿವಶಿವಾ ಎಂದರು.

ಭಾವ ಈ ಕೆಲಸ ಬಿಡಲಿಲ್ಲ. ನಾನು ಕಣ್ಣಿಲ್ಲದ ಲೋಗೋ ಅಚ್ಚು ಹಾಕಿಕೊಟ್ಟೆ, ಅದು ಮೊದಲಿನಷ್ಟು ಯಾರನ್ನೂ ಹಿಡಿಯಲಿಲ್ಲ. ಗೋಡೆಗೆ ಗಾರೆ ಮೆತ್ತಿ ಎಷ್ಟೋ ಸಲ ಸುಣ್ಣ ಹೊಡೆದಾಗಿದೆ. ಮಗಳು ಬೆಳೆದು ನಿಂತಿದ್ದಾಳೆ, ಅಪ್ಪನೆಂದರೆ ಪ್ರಾಣ. ಆದರೆ ಅವರು ಸಂಜೆ ಮನೆಗೆ ಬಂದಾಗ 'ಅಪ್ಪಾ' ಎಂದು ಕರೆಯುವ ಮೊದಲು ಅವಳು ಒಂದು ಸಲ ಆ ಗೋಡೆಯತ್ತ ನೋಡುತ್ತಾಳೆ. ಯಾಕೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಭಾವ ಆ ನೋಟ ಮುಗಿಯುವವರೆಗೆ ಹೊಸ್ತಿಲಾಚೆ ಚಪ್ಪಲಿ ಬಿಚ್ಚುತ್ತಾ ಕಾಯುತ್ತಾರೆ.